ಮಚ್ಚು ಕೆಳಗಿಡಿಸಿದ ಪುಸ್ತಕ

ಆಗೆಲ್ಲ ನಮ್ಮ ಕಡೆ ಪುಸ್ತಕವೆಂದರೆ ಒಬ್ಬರು ಓದುವುದು, ಉಳಿದವರು ಕೇಳುವುದು. ಯಾರಾದರೂ ಮೂಲೆ ಹಿಡಿದು ಬಾಯಿ ಮುಚ್ಚಿಕೊಂಡು ಓದುತ್ತ ಕೂತರೆ ಮನೆಯ ಹಿರಿಯರು ಜ್ವರ ಗಿರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಒಬ್ಬರೇ ಓದುವುದು ಒಬ್ಬರೇ ಹೋಳಿಗೆ ತಿಂದಷ್ಟೇ ಸಣ್ಣ ಬುದ್ಧಿ ಎಂದು ನಮ್ಮಜ್ಜಿ ಬಾಯಿಬಿಟ್ಟೇ ಹೇಳುತ್ತಿದ್ದರು.

ಈಗ ನಾನು ಹಾಗೆಯೇ ಮೂಲೆ ಹಿಡಿದು ಓದುತ್ತೇನೆ. ಫೋನಿನಲ್ಲಿ ನಮ್ಮದೊಂದು ಓದುಗರ ಗುಂಪಿದೆ. ಓದಿದ ಪ್ರತಿ ಪುಸ್ತಕಕ್ಕೂ ನಾಲ್ಕು ಸಾಲು ಅಭಿಪ್ರಾಯ ಬರೆದು ಹಾಕಬೇಕು. ಕಾದಂಬರಿ, ಪ್ರವಾಸ ಕಥನ, ವಿಜ್ಞಾನ, ಆತ್ಮಕಥೆ, ಕಡೆಗೆ ಅಡುಗೆ ಪುಸ್ತಕ, ಯಾವುದನ್ನೂ ನಾನು ಬಿಟ್ಟವಳಲ್ಲ. ನನ್ನ ಅಭಿಪ್ರಾಯ ಕೆಲವರಿಗೆ ಖಾರವಾಗುತ್ತದೆ. ಮೊನ್ನೆ ಹುಡುಗಿಯೊಬ್ಬಳು ಕಾಲೆಳೆಯುವ ದನಿಯಲ್ಲಿ, ಮೇಡಂ ವಿಮರ್ಶೆಯನ್ನು ಯಾವ ಯೂನಿವರ್ಸಿಟಿಯಲ್ಲಿ ಕಲಿತಿರಿ ಎಂದು ಕೇಳಿದಳು. ಕೊಬ್ಬರಿ ಅಟ್ಟದ ಕೆಳಗೆ ಎಂದು ಬರೆದೆ. ಅವಳು ತಮಾಷೆ ಎಂದುಕೊಂಡು ನಗುವ ಮುಖವೊಂದನ್ನು ಕಳಿಸಿದಳು. ನಾನು ಹೇಳಿದ್ದು ನಿಜವಾದ್ದರಿಂದ ಇಷ್ಟುದ್ದ ಬರೆಯಬೇಕಾಗಿ ಬಂತು.

ದಂಡಿನಶಿವರದ ಹತ್ತಿರ ನಮ್ಮ ತೋಟ. ಮನೆಗೆ ಒತ್ತಿಕೊಂಡಂತೆ ಕೊಬ್ಬರಿ ಮನೆ. ಮೇಲೆ ಅಟ್ಟ, ಅದರ ತುಂಬ ಕಾಯಿ. ಕೆಳಗೆ ಕೆಲಸ ಮಾಡಲು ತಣ್ಣನೆಯ ನೆಲ. ಕೆಡವಿದ ಕಾಯನ್ನು ನಮ್ಮಲ್ಲಿ ಹಸಿಯಾಗಿ ಮಾರುತ್ತಿರಲಿಲ್ಲ. ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ವರ್ಷ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಗಂಡಸರು ಕಾಯಿ ಇಳಿಸಿ ಸಿಪ್ಪೆ ಸುಲಿದು ರಾಶಿ ಹಾಕುತ್ತಿದ್ದರು. ಹೆಂಗಸರು ಸುತ್ತ ಕೂತು ಸಣ್ಣ ಮಚ್ಚಿನಿಂದ ಚಿಪ್ಪು ಒಡೆದು ಉಂಡೆ ಬಿಡಿಸುತ್ತಿದ್ದರು. ಚಿಪ್ಪು ಒಡೆಯಬೇಕು, ಒಳಗಿನ ಉಂಡೆಗೆ ಪೆಟ್ಟು ಬೀಳಬಾರದು. ಇಡೀ ಉಂಡೆಗೆ ತಿಪಟೂರಿನ ಮಾರ್ಕೆಟ್ಟಿನಲ್ಲಿ ಇರುವ ಮರ್ಯಾದೆ ಚೂರಿಗಿಲ್ಲ. ಚೂರಾದದ್ದು ಎಣ್ಣೆ ಗಾಣಕ್ಕೆ ಹೋಗುತ್ತಿತ್ತು, ಅದಕ್ಕೂ ಮುಂಚೆ ಒಂದಿಷ್ಟು ನಮ್ಮ ಬಾಯಿಗೆ. ಎಣ್ಣೆ ಜಿನುಗುವ ಕೊಬ್ಬರಿ ಚೂರಿನ ಜೊತೆ ಉಂಡೆ ಬೆಲ್ಲ ಕಚ್ಚಿಕೊಂಡು ತಿಂದವರಿಗೆ ಗೊತ್ತು ಅದರ ರುಚಿ. ಸಿಪ್ಪೆಯ ಧೂಳು, ಕೊಬ್ಬರಿಯ ಘಮ, ಹೊರಗೆ ಚಿಪ್ಪಿನ ಉರಿಯಲ್ಲಿ ಕುದಿಯುವ ಬೆಲ್ಲದ ಕಾಫಿ, ಇವೆಲ್ಲ ಸೇರಿದ ವಾಸನೆಯನ್ನೇ ನಾನು ಬಹಳ ಕಾಲ ಬೇಸಿಗೆ ರಜದ ವಾಸನೆ ಎಂದುಕೊಂಡಿದ್ದೆ.

ನನ್ನ ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಕೊಬ್ಬರಿ ಮನೆಯೊಳಗೆ ಓದು ಶುರುವಾದದ್ದು ಗಿರಿಜತ್ತೆಯಿಂದ. ಅಪ್ಪನ ತಂಗಿ. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಎರಡು ಸಲ ಫೇಲಾಗಿ ಮನೆಯಲ್ಲಿದ್ದಳು. ಬಂದ ನೆಂಟರೆಲ್ಲ, ಪಾಸಾಯ್ತೇನವ್ವ ಎಂದು ಕೇಳಿಯೇ ಚಪ್ಪಲಿ ಬಿಡುತ್ತಿದ್ದರು. ಅವಳು ಯಾರಿಗೂ ಎದುರು ಮಾತಾಡದೆ ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ತುರುವೇಕೆರೆಯ ಲೈಬ್ರರಿಯ ಕಾರ್ಡೊಂದೇ ಅವಳ ಆಸ್ತಿ. ಒಂದು ಮಧ್ಯಾಹ್ನ ಚಿಪ್ಪು ಬಿಡಿಸುವವರಿಗೆ ಕಾಫಿ ಕೊಡಲು ಬಂದವಳು, ಕಂಕುಳಲ್ಲಿದ್ದ ಕಾದಂಬರಿ ಏನೆಂದು ಅವರು ಕೇಳಿದ್ದಕ್ಕೆ ನಾಲ್ಕು ಪುಟ ಓದಿ ತೋರಿಸಿದಳು. ಮರುದಿನ ಕಾಫಿ ಬರುವ ಮುಂಚೆಯೇ ಪುಸ್ತಕ ಎಲ್ಲಿ ಎಂದು ಹೆಂಗಸರು ಕೇಳಿದರು. ಅವತ್ತಿನಿಂದ ಕಾಯಿ ರಾಶಿಯ ಪಕ್ಕದ ಮೂಟೆ ಅವಳ ಕುರ್ಚಿಯಾಯಿತು. ಮನೆಯಲ್ಲಿ ಕೇಳಿಯೂ ಕೇಳದಂತಿದ್ದ ಅವಳ ದನಿ ಅಲ್ಲಿ ಹಿತ್ತಲಿನವರೆಗೂ ಕೇಳುತ್ತಿತ್ತು. ಪಾತ್ರಕ್ಕೊಂದು ದನಿ ಮಾಡುತ್ತಿದ್ದಳು. ಅತ್ತೆಗೆ ಇಷ್ಟು ದೊಡ್ಡ ಗಂಟಲಿದೆ ಎಂಬುದೇ ನನಗೆ ಹೊಸ ಸುದ್ದಿ.

ಕೇಳುವವರಲ್ಲಿ ಇಬ್ಬರ ಬಗ್ಗೆ ಹೇಳಿದರೆ ಸಾಕು. ಗಂಗಮ್ಮ ಗಟ್ಟಿಗಿತ್ತಿ, ಯಾವ ಕಥೆಯಾದರೂ ಮೂರನೇ ಪುಟಕ್ಕೇ ಕೊನೆ ಹೇಳಿಬಿಡುವವಳು. ಇನ್ನೊಬ್ಬರು ಪುಟ್ಟಕ್ಕ, ವಯಸ್ಸಾದವರು, ಪಕ್ಕದ ತೋಟದವರು, ಅಪ್ಪನನ್ನು ಎತ್ತಿ ಆಡಿಸಿದವರು. ಅಜ್ಜಿಯಾಗಿದ್ದರೂ ಊರಿಗೆಲ್ಲ ಅವರು ಅಕ್ಕನೇ. ಹೆಚ್ಚು ಮಾತಿಲ್ಲ. ಅವರ ಕೈಯಲ್ಲಿ ಉಂಡೆ ಒಡೆದದ್ದನ್ನು ನೋಡಿದವರಿರಲಿಲ್ಲ. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ, ಅಭಿಪ್ರಾಯಕ್ಕೇನೂ ಬರವಿರಲಿಲ್ಲ.

ಮೊದಲು ಓದಿದ ಕಾದಂಬರಿಯಲ್ಲಿ ಸೊಸೆಯೊಬ್ಬಳು ಮೊದಲ ಪುಟದಲ್ಲಿ ಅಳಲು ಶುರು ಮಾಡಿ ಕೊನೆಯ ಪುಟದಲ್ಲಿ ಮುಗಿಸುತ್ತಿದ್ದಳು. ಅಷ್ಟು ಅಳಲು ಆಯಮ್ಮನಿಗೆ ಪುರುಸೊತ್ತು ಎಲ್ಲಿಂದ ಬಂತು, ಮನೆಯಲ್ಲಿ ದನ ಕರ ಇಲ್ಲವೇ ಎಂದು ಪುಟ್ಟಕ್ಕನಿಗೆ ಅನುಮಾನ. ಆಮೇಲೊಂದು ಪ್ರವಾಸ ಕಥನ ಬಂತು. ಬರೆದವರು ದೇಶದಿಂದ ದೇಶಕ್ಕೆ ಹಾರಿ ಗೋಪುರ, ಸೇತುವೆ, ಅರಮನೆ ಎಲ್ಲವನ್ನೂ ಬಣ್ಣಿಸಿದ್ದರು. ಇಷ್ಟು ಊರು ತಿರುಗಿದ ಮನುಷ್ಯ ಒಂದು ಮನೆಯ ಒಳಗೆ ಹೋಗಿ ಕುಡಿಯಲು ನೀರು ಕೇಳಲಿಲ್ಲವಲ್ಲ ಎಂದು ಪುಟ್ಟಕ್ಕ ಅಂದರು. ಈಗಲೂ ಪ್ರವಾಸ ಕಥನ ಹಿಡಿದರೆ ನಾನು ಮೊದಲು ಹುಡುಕುವುದು ಅದನ್ನೇ. ಅಡುಗೆ ಪುಸ್ತಕದ ದಿನ ಮಾತ್ರ ಓದು ಮುಂದೆ ಸಾಗಲೇ ಇಲ್ಲ. ತುರಿದ ಕಾಯಿ ಎರಡು ಚಮಚ ಎಂಬಲ್ಲಿಗೆ ಎಲ್ಲರೂ ನಗಲು ಶುರು ಮಾಡಿದರು. ತಲೆಯ ಮೇಲೆ ಒಂದು ಅಟ್ಟ ಕಾಯಿ ಇಟ್ಟುಕೊಂಡು ಕೂತವರಿಗೆ ಎರಡು ಚಮಚದ ಲೆಕ್ಕ ಹೇಗೆ ತಲೆಗೆ ಹೋಗಬೇಕು?

ಆಮೇಲೆ ಬಂದದ್ದು ಕೊಲೆಯ ಕಾದಂಬರಿ. ದೊಡ್ಡ ಬಂಗಲೆ, ಯಜಮಾನನ ಹೆಣ, ಎಲ್ಲರ ಮೇಲೂ ಸಂಶಯ. ಗಂಗಮ್ಮ ಎಂದಿನಂತೆ ಬೇಗ ತೀರ್ಪು ಕೊಟ್ಟಳು: ಅಡುಗೆಯವನೇ ಕೊಂದದ್ದು, ಮನೆಯಲ್ಲಿ ಹೆಣ ಬಿದ್ದಿರುವಾಗ ಯಾವನಾದರೂ ಸಾರಿಗೆ ಒಗ್ಗರಣೆ ಹಾಕುತ್ತಾನೆಯೇ? ಗಿರಿಜತ್ತೆ ನಗುತ್ತ ಮುಂದೆ ಓದಿದಳು. ಕತ್ತಲೆ ಕೋಣೆ, ಬಾಗಿಲ ಸದ್ದು, ಹೆಜ್ಜೆ. ಹೆಜ್ಜೆ ಬಂದಾಗಲೆಲ್ಲ ಒಂದೊಂದು ಮಚ್ಚು ಗುರಿ ತಪ್ಪಿತು. ಚೂರಿನ ಬುಟ್ಟಿ ತುಂಬಿತು. ನಾವು ಮಕ್ಕಳು ಬೆಲ್ಲದ ಡಬ್ಬಿ ತಂದಿಟ್ಟುಕೊಂಡು ಕೂತೆವು. ಕೊನೆಗೆ ಕೊಂದವನು ಯಜಮಾನನ ಅಣ್ಣ ಎಂದಾಯಿತು. ಗಂಗಮ್ಮ ಒಪ್ಪಲಿಲ್ಲ. ಬರೆದವನಿಗೇ ಸರಿಯಾಗಿ ಗೊತ್ತಿಲ್ಲ, ವಿಚಾರಿಸದೆ ಬರೆದಿದ್ದಾನೆ ಎಂದು ಜಗಳಕ್ಕೇ ನಿಂತಳು.

ಆ ಸಂಜೆ ಅಪ್ಪ ಮೂಟೆ ಕಟ್ಟಲು ಬಂದವರು ಚೂರಿನ ಬುಟ್ಟಿ ನೋಡಿದರು. ಕೂಗಾಡುವ ಮನುಷ್ಯರಲ್ಲ. ಬುಟ್ಟಿಯನ್ನು ಕಾಲಿನಿಂದ ಸ್ವಲ್ಪ ಸರಿಸಿ, "ಗಿರಿಜಾ, ನಾಳೆಯಿಂದ ಇಲ್ಲಿ ಪುಸ್ತಕ ಬ್ಯಾಡ" ಎಂದರು. ಅತ್ತೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ತೊಳೆದ ಪಾತ್ರೆ ಮತ್ತೆ ತೊಳೆಯುವ ಸದ್ದು ಬಂತು. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂಟೆಯ ಮೇಲೆ ಕೂತಾಗ ಅತ್ತೆ ಯಾರಿಗೂ ಫೇಲಾದ ಹುಡುಗಿಯಾಗಿರಲಿಲ್ಲ. ಇದ್ದ ಆ ಒಂದು ಜಾಗವೂ ಅವಳಿಗೆ ಇಲ್ಲದಾಯಿತಲ್ಲ ಎಂಬುದು ನನ್ನ ಸಂಕಟ.

ಓದು ನಿಂತ ಮೇಲೆ ಕೆಲಸ ಜೋರಾಗಬೇಕಿತ್ತು. ಆದದ್ದು ಬೇರೆ. ಹೆಂಗಸರು ಯಾರ ಮೇಕೆ ಯಾರ ಹೊಲಕ್ಕೆ ನುಗ್ಗಿತೆಂದು ಕಿತ್ತಾಡಿದರು. ಸೊಂಟ ನೋವು, ಮನೆಗೆ ನೆಂಟರು ಎಂದು ಬಿಸಿಲು ಇಳಿಯುವ ಮುಂಚೆಯೇ ಒಬ್ಬೊಬ್ಬರಾಗಿ ಎದ್ದು ಹೋದರು. ರಾಶಿ ಕರಗಲಿಲ್ಲ. ಅಪ್ಪ ಮುಖ ಗಂಟಿಕ್ಕಿಕೊಂಡು ಓಡಾಡಿದರು. ಕೊನೆಗೆ ಪುಟ್ಟಕ್ಕನೇ ಅವರನ್ನು ನಿಲ್ಲಿಸಿ ಹೇಳಿದರು.

"ಶಿವಣ್ಣ, ನಮ್ ಗಿರಿಜ ಓದ್ತಾ ಇದ್ರೆ ಹೊತ್ತು ಹೋಗಿದ್ದೇ ಗೊತ್ತಾಗಕಿಲ್ಲ ಕಣಪ್ಪ. ಆ ಕೊಲೆ ಗಿಲೆ ಬ್ಯಾಡ ಬುಡು. ಮೆತ್ತಗಿರೋದು ಯಾವ್ದಾನಾ ಓದ್ಲಿ."

ಪುಟ್ಟಕ್ಕನ ಮಾತಿಗೆ ಅಪ್ಪ ಇಲ್ಲವೆನ್ನುವವರಲ್ಲ. ಆದರೆ ಒಂದು ಷರತ್ತು ಹಾಕಿದರು. ಪುಸ್ತಕವನ್ನು ತಾವೇ ಆರಿಸಿ ತರುವುದು. ಕೊಲೆ ಇರಬಾರದು, ಪ್ರೇಮ ಇರಬಾರದು, ಓಡಿಹೋಗುವುದು ಇರಬಾರದು. ಇನ್ನೊಂದು ಸಲ ಉಂಡೆ ಒಡೆದರೆ ಅಲ್ಲಿಗೆ ಓದು ಬಂದ್, ಪುಟ್ಟಕ್ಕ ಹೇಳಿದರೂ ಕೇಳುವುದಿಲ್ಲ.

ಹಾಗೆ ಅಪ್ಪ ಅತ್ತೆಯ ಕಾರ್ಡು ಜೇಬಿಗಿಟ್ಟುಕೊಂಡು ಜೀವಮಾನದಲ್ಲಿ ಮೊದಲ ಸಲ ಲೈಬ್ರರಿಗೆ ಹೋದರು. ಪುಸ್ತಕ ಆರಿಸುವುದು ಅವರಿಗೇನು ಗೊತ್ತು? ಗೊತ್ತಿದ್ದದ್ದು ಕೊಬ್ಬರಿ. ಮಾರ್ಕೆಟ್ಟಿನಲ್ಲಿ ಚೀಲದ ಬಾಯಿ ಬಿಚ್ಚಿ ಒಂದು ಉಂಡೆ ಎತ್ತಿ ನೋಡಿ ಇಡೀ ಚೀಲಕ್ಕೆ ಬೆಲೆ ಹೇಳುವುದನ್ನು ವರ್ಷಗಟ್ಟಲೆ ಕಂಡಿದ್ದರು. ಅದೇ ಲೆಕ್ಕದಲ್ಲಿ ಒಂದು ತೆಳ್ಳನೆಯ ಪುಸ್ತಕ ಎತ್ತಿ, ನಡುವೆ ಒಂದು ಪುಟ ತೆರೆದು ನೋಡಿದರು. ಅಲ್ಲಿ ಹಪ್ಪಳದ ಹಿಟ್ಟಿಗೆ ಎಷ್ಟು ಖಾರ ಬೀಳಬೇಕೆಂಬ ಮಾತಿತ್ತು. ಇದಕ್ಕಿಂತ ಸಾಧು ಪುಸ್ತಕ ಬೇರೆ ಸಿಗದೆಂದು ಅದನ್ನೇ ತಂದರು. ದೊಡ್ಡ ಕುಟುಂಬವೊಂದಕ್ಕೆ ಸೊಸೆಯಾಗಿ ಬಂದು, ಬದುಕಿಡೀ ಅಲ್ಲಿ ಅಡುಗೆ ಮಾಡಿ, ವಯಸ್ಸಾದ ಮೇಲೆ ತಮ್ಮ ಕಥೆ ತಾವೇ ಬರೆದುಕೊಂಡ ಯಾರೋ ಹೆಣ್ಣುಮಗಳ ಆತ್ಮಕಥೆ ಅದು.

ಅತ್ತೆ ಒಂದೇ ಹಗಲಿನಲ್ಲಿ ಅದನ್ನು ತನ್ನಷ್ಟಕ್ಕೆ ಓದಿ ಮುಗಿಸಿದಳು. ಹೇಗಿದೆ ಎಂದು ಕೇಳಿದರೆ ಸುಮ್ಮನೆ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು.

ಮೊದಲ ದಿನಗಳು ಅಪ್ಪ ಅಂದುಕೊಂಡಂತೆಯೇ ನಡೆದವು. ಹಪ್ಪಳ, ಸಂಡಿಗೆ, ಮಡಿಯ ಗಲಾಟೆ, ಮಜ್ಜಿಗೆ ಕಡೆಯುವಾಗ ನಿದ್ದೆ ಬಂದು ಕಡೆಗೋಲು ಹಿಡಿದೇ ತೂಕಡಿಸಿದ್ದು. ಹೆಂಗಸರು ಮೆಲ್ಲಗೆ ನಗುತ್ತ ಕೆಲಸ ಮಾಡಿದರು. ಉಂಡೆಗಳು ಒಂದಕ್ಕಿಂತ ಒಂದು ಚೆನ್ನಾಗಿ ಬಿಡಿಸಿಕೊಂಡು ಬಂದವು. ಅಪ್ಪನಿಗೆ ತಮ್ಮ ಆಯ್ಕೆಯ ಬಗ್ಗೆ ಸಣ್ಣ ಜಂಬವೂ ಬಂತು. ಪುಸ್ತಕ ಅಂದ್ರೆ ಹಿಂಗಿರಬೇಕು ಎಂದು ಅಮ್ಮನ ಹತ್ತಿರ ಹೇಳಿದರಂತೆ. ಬೆಲ್ಲದ ಡಬ್ಬಿ ಇಟ್ಟುಕೊಂಡು ಕಾದ ನನಗೆ ಮಾತ್ರ ಆ ಪುಸ್ತಕ ಸಪ್ಪೆ.

ಆಮೇಲೆ ಆ ಅಧ್ಯಾಯ ಬಂತು. ಅತ್ತೆಯ ದನಿ ಅವತ್ತು ಮೊದಲಿನಿಂದಲೇ ಸಣ್ಣದಾಗಿತ್ತು. ಆ ಹೆಂಗಸಿನ ಮೊದಲ ಮಗಳಿಗೆ ಜ್ವರ ಬರುತ್ತದೆ. ಮನೆಗೆ ಅವತ್ತೇ ನೆಂಟರು ಬಂದಿರುತ್ತಾರೆ. ಮೊದಲು ಪಂಕ್ತಿ ಮುಗಿಸಿ ಆಮೇಲೆ ಮಗುವಿನ ಹತ್ತಿರ ಕೂರು ಎಂದು ಅತ್ತೆಮನೆಯವರು ಹೇಳುತ್ತಾರೆ. ಆಕೆ ಬಡಿಸುತ್ತಾಳೆ. ಸಾರು ಸಾಲದೆ ಬರುತ್ತದೆ, ಮತ್ತೆ ಮಾಡುತ್ತಾಳೆ. ಎರಡನೇ ಪಂಕ್ತಿಗೆ ಮಜ್ಜಿಗೆ ಬಡಿಸಿ ಕೈತೊಳೆದು ಕೋಣೆಗೆ ಹೋಗುವಷ್ಟರಲ್ಲಿ ಮಗು ಇರುವುದಿಲ್ಲ. ಅಳುವಿನ ಮಾತು ಒಂದೂ ಇರಲಿಲ್ಲ. ಊಟ ಚೆನ್ನಾಗಿತ್ತು ಎಂದು ನೆಂಟರು ಹೇಳಿ ಹೋದರೆಂದು ಬರೆದು ಆಕೆ ಅಧ್ಯಾಯ ಮುಗಿಸಿದ್ದರು.

ಒಂದು ಮಚ್ಚಿನ ಸದ್ದು ಬೇರೆಯಾಗಿ ಕೇಳಿತು. ನೋಡಿದರೆ ಪುಟ್ಟಕ್ಕನ ಕೈಯಲ್ಲಿದ್ದ ಉಂಡೆ ಎರಡು ಹೋಳಾಗಿ ಮಡಿಲಿಗೆ ಬಿದ್ದಿತ್ತು. ಅವರು ಅದನ್ನು ಎತ್ತಲಿಲ್ಲ. ಮಚ್ಚು ಹಿಡಿದ ಕೈ ಅಲ್ಲೇ ನಿಂತಿತ್ತು.

"ನಮ್ ನಿಂಗಿ ಹೋದಾಗ್ಲೂ ಹಿಂಗೇ ಕಣವ್ವ" ಎಂದರು. "ಕಣದಾಗೆ ರಾಗಿ ಇತ್ತು. ಮಳೆ ಬತ್ತದೆ, ತೂರಿ ಮುಗಿಸ್ಬುಟ್ಟು ಹೋಗು ಅಂದ್ರು. ತೂರ್ದೆ."

ಅವರಿಗೆ ನಿಂಗಿ ಎಂಬ ಮಗಳಿದ್ದದ್ದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಮನೆಯ ಹೆರಿಗೆ, ಸಾವು, ಸಾಲ, ಜಗಳ ಬಾಯಿಪಾಠವಿದ್ದ ಗಂಗಮ್ಮನಿಗೂ ಗೊತ್ತಿರಲಿಲ್ಲ. ಅವಳು ಎದ್ದು ಹೋಗಿ ಪುಟ್ಟಕ್ಕನ ಕೈಯಿಂದ ಮಚ್ಚು ಬಿಡಿಸಿ ಪಕ್ಕಕ್ಕಿಟ್ಟು, ಅವರ ಕೈ ಹಿಡಿದು ಕೂತಳು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ ನಮಗೆ ತಿಳಿಯಲಿಲ್ಲ. ಅತ್ತೆ ಅವರನ್ನು ನೋಡಿದವಳೇ ಪುಸ್ತಕ ಮುಚ್ಚಿ ಎದ್ದಳು. ಒಡೆದ ಉಂಡೆ ಎಲ್ಲರ ಕಣ್ಣ ಮುಂದೆ ಬಿದ್ದಿತ್ತು, ಷರತ್ತು ಎಲ್ಲರಿಗೂ ಗೊತ್ತಿತ್ತು. ಆದರೂ ಅವತ್ತು ಅವಳು ಸುಮ್ಮನೆ ಒಳಗೆ ಹೋಗಲಿಲ್ಲ.

"ಅಣ್ಣಯ್ಯ, ಈ ಜಾಗ ಬತ್ತದೆ ಅಂತ ನಂಗೆ ಗೊತ್ತಿತ್ತು. ಹಾರಿಸಿ ಓದ್ಬೋದಿತ್ತು. ಹಾರಿಸೋಕೆ ಮನಸ್ಸು ಬರಲಿಲ್ಲ."

ಅಪ್ಪ ಒಳಗೆ ಬಂದು ಪುಟ್ಟಕ್ಕನ ಎದುರು ಸಿಪ್ಪೆಯ ರಾಶಿಯ ಮೇಲೆ ಕೂತರು. ನಿಂಗಿಗೆ ಎಷ್ಟು ವಯಸ್ಸಾಗಿತ್ತೆಂದು ಕೇಳಿದರು. ನಡೆಯುವುದನ್ನು ಕಲಿತಿದ್ದಳೆಂದು ಪುಟ್ಟಕ್ಕ ಹೇಳಿದರು. ಅವಳು ಹೋದ ಮಾರನೇ ವರ್ಷ ನೀನು ಹುಟ್ಟಿದೆ, ನಿಮ್ಮವ್ವನಿಗೆ ಮೈಗೆ ಹುಷಾರಿರಲಿಲ್ಲ, ನಿನ್ನನ್ನು ನನ್ನ ಕೈಗೆ ಹಾಕಿದರು ಎಂದರು. ಅಪ್ಪ ಪಂಚೆಯ ಅಂಚನ್ನು ಕಣ್ಣಿಗೆ ಒತ್ತಿಕೊಂಡರು. ಅವರು ಕಣ್ಣೊರೆಸಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹೆದರಿಕೆಯೂ ಆಯಿತು, ಅವರ ಮೇಲೆ ಇನ್ನಿಲ್ಲದ ಪ್ರೀತಿಯೂ ಬಂತು. ಆಮೇಲೆ ಎದ್ದು ಪಂಚೆ ಕೊಡವಿಕೊಂಡು ಅತ್ತೆಯ ಕಡೆ ತಿರುಗಿದರು.

"ಕೂತ್ಕೊಂಡು ಓದು ಗಿರಿಜಾ. ಏನೂ ಹಾರಿಸ್ಬ್ಯಾಡ. ಇಂಥ ಜಾಗ ಬರೋಕೆ ಮುಂಚೆ ಒಂದು ಮಾತು ಹೇಳ್ಬುಡು. ಎಲ್ರೂ ಮಚ್ಚು ಕೆಳಗಿಡ್ಲಿ."

ಅವತ್ತಿನಿಂದ ಅದೇ ನಮ್ಮ ಕೊಬ್ಬರಿ ಮನೆಯ ಪದ್ಧತಿಯಾಯಿತು. ಅತ್ತೆ ಪುಸ್ತಕವನ್ನು ಮೊದಲು ತಾನು ಓದಿಕೊಂಡು ಬರುವಳು. ಮನಸ್ಸಿಗೆ ತಾಕುವ ಜಾಗ ಹತ್ತಿರವಾದರೆ ಕಣ್ಣೆತ್ತದೆ, ಮಚ್ಚು ಇಡ್ರವ್ವ ಎನ್ನುವಳು. ಮಚ್ಚುಗಳೆಲ್ಲ ನೆಲಕ್ಕಿಳಿಯುತ್ತಿದ್ದವು. ಓದು ಆ ಜಾಗವನ್ನು ದಾಟುವವರೆಗೆ ಎಲ್ಲರೂ ಕೈಕಟ್ಟಿ ಕೂರುತ್ತಿದ್ದರು. ಪುಸ್ತಕ ಹೇಗಿದೆ ಎಂದು ಆಮೇಲೆ ಯಾರೂ ಕೇಳುತ್ತಿರಲಿಲ್ಲ, ಮಚ್ಚು ಇಡಿಸ್ತದಾ ಎಂದು ಕೇಳುತ್ತಿದ್ದರು. ನಾನು ಕಂಡ ವಿಮರ್ಶೆಗಳಲ್ಲೆಲ್ಲ ಅದೇ ನೇರವಾದದ್ದು. ಕಣ್ಣೀರಿಡುತ್ತಲೇ ಇದ್ದ ಸೊಸೆಯ ಕಾದಂಬರಿ, ಎರಡನೇ ಸಲ ಓದಿಸಿದರೂ ಒಂದು ಮಚ್ಚನ್ನೂ ಕೆಳಗಿಡಿಸಲಿಲ್ಲ. ರಾಜನೊಬ್ಬನ ಚರಿತ್ರೆಯಲ್ಲಿ ಯುದ್ಧಗಳಿಗೆಲ್ಲ ಕೈ ಓಡುತ್ತಲೇ ಇತ್ತು, ಅವನ ಕುದುರೆ ಸಾಯುವಾಗ ನಿಂತಿತು. ನಕ್ಷತ್ರಗಳ ಬಗ್ಗೆ ಒಂದು ಪುಸ್ತಕ ಬಂದಾಗ ಇದರಲ್ಲೇನೂ ಇಲ್ಲವೆಂದು ಅತ್ತೆ ಸಲೀಸಾಗಿ ಓದಿಕೊಂಡು ಹೋಗುತ್ತಿದ್ದಳು. ನಮಗೆ ಕಾಣುವ ಬೆಳಕು ಎಷ್ಟೋ ಕಾಲದ ಹಿಂದೆ ಅಲ್ಲಿಂದ ಹೊರಟದ್ದು, ಆ ನಕ್ಷತ್ರ ಈಗ ಇಲ್ಲದೆಯೂ ಇರಬಹುದು ಎಂಬಲ್ಲಿ ಗಂಗಮ್ಮ ತಾನೇ ಮಚ್ಚು ಇಟ್ಟು, ಯಾಕವ್ವ ಇದಕ್ಕೆ ಮುಂಚೆ ಹೇಳಲಿಲ್ಲ ಎಂದು ಅತ್ತೆಯನ್ನು ಗದರಿದಳು. ವಿಜ್ಞಾನದ ಪುಸ್ತಕ ಒಣ ಎನ್ನುವವರಿಗೆ ನಾನು ಈ ಕಥೆಯನ್ನೇ ಹೇಳುವುದು.

ಮುಂದಿನ ವರ್ಷ ಅತ್ತೆ ಇಂಗ್ಲಿಷ್ ಪಾಸು ಮಾಡಿದಳು. ಮದುವೆಯಾಗಿ ಚಿಕ್ಕನಾಯಕನಹಳ್ಳಿಗೆ ಹೋದಳು. ಪುಟ್ಟಕ್ಕ ಹೋಗಿ ಬಹಳ ಕಾಲವಾಯಿತು, ಅಪ್ಪನೂ ಇಲ್ಲ. ತೋಟ ತಮ್ಮ ನೋಡಿಕೊಳ್ಳುತ್ತಾನೆ. ಸುಲಿಯಲು ಮೆಷಿನ್ನು ಬಂದಿದೆ, ಅದರ ಸದ್ದಿನ ಮುಂದೆ ಯಾರ ದನಿಯೂ ಕೇಳುವುದಿಲ್ಲ. ನನಗೆ ಬೇಕಾದ ಪುಸ್ತಕ ಈಗ ಮನೆ ಬಾಗಿಲಿಗೆ ಬರುತ್ತದೆ. ಅದಕ್ಕೆ ಎಷ್ಟು ಸ್ಟಾರ್ ಎಂದು ಊರೂರಿನ ಜನ ಮೊದಲೇ ಬರೆದಿಟ್ಟಿರುತ್ತಾರೆ. ನಾನೂ ಬರೆಯುತ್ತೇನೆ. ನನ್ನ ಮಾತು ಓದಿ ಪುಸ್ತಕ ಕೊಂಡವರು ಯಾವ ಪುಟದಲ್ಲಿ ನಿಂತರು, ನಿಂತರೋ ಇಲ್ಲವೋ, ನನಗೆ ತಿಳಿಯುವುದೇ ಇಲ್ಲ.

ಗಿರಿಜತ್ತೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಪೂರ್ತಿ ಮಂಜಾಗಿದೆ. ಓದಲಾಗದೆ ಒದ್ದಾಡುತ್ತಿದ್ದಾಳೆಂದು ಅವಳ ಮಗ ಫೋನಿನಲ್ಲಿ ಪುಸ್ತಕ ಕೇಳುವ ವ್ಯವಸ್ಥೆ ಮಾಡಿಕೊಟ್ಟ. ಅದರಲ್ಲಿ ಓದುವವಳು ಯಾರೋ ಕಲಿತ ಹೆಣ್ಣುಮಗಳು, ಒಳ್ಳೆಯ ದನಿ, ಸ್ಪಷ್ಟ ಉಚ್ಚಾರ. ಹೋದ ವಾರ ಫೋನ್ ಮಾಡಿ, ಹೇಗಿದೆ ಅತ್ತೆ, ಓದುವುದು ಹಿಡಿಸಿತೇ ಎಂದು ಕೇಳಿದೆ.

"ಚೆನ್ನಾಗೇ ಓದ್ತಾಳೆ ಕಣೇ" ಎಂದಳು. "ಎಂಥ ಜಾಗ ಬಂದ್ರೂ ನಿಲ್ಲಲ್ಲ. ಕೇಳೋರು ಇದಾರೋ ಎದ್ದೋದ್ರೋ, ಅವಳಿಗೇನು ಗೊತ್ತಾಗ್ತದೆ?"